ಸ್ಟಾರ್ಟರಿನ ಎರಡು ಮುಳ್ಳು ಹೇಳುವ ಲೆಕ್ಕ



ಸಂಜೆಯ ಹೊತ್ತು ಪಂಪಿನ ಮನೆಯ ಬಲ್ಬು ಮಂಕಾದರೆ ನಾವೆಲ್ಲ ‘ಕರೆಂಟು ಕಮ್ಮಿ ಬರ್ತಾ ಇದೆ’ ಎನ್ನುತ್ತೇವೆ. ಈ ಮಾತು ಬಲ್ಬಿನ ಮಟ್ಟಿಗೆ ಸರಿ. ಮೋಟಾರಿನ ಮಟ್ಟಿಗೆ ಮಾತ್ರ ಪೂರ್ತಿ ತಿರುವುಮುರುವು. ಆಗ ಕಡಿಮೆಯಾಗಿರುವುದು ವೋಲ್ಟೇಜು. ಮೋಟಾರಿನಲ್ಲಿ ಹರಿಯುವ ಕರೆಂಟು, ಅಂದರೆ ಆಂಪಿಯರು, ಅದೇ ಹೊತ್ತಿನಲ್ಲಿ ಏರಿರುತ್ತದೆ. ಮೋಟಾರಿನ ಕಾಯಿಲು ಸುಡುವುದು ಇದರಿಂದಲೇ. ಸ್ಟಾರ್ಟರ್ ಪೆಟ್ಟಿಗೆಯ ಮುಖದ ಮೇಲೆ ಇರುವ ಎರಡು ಗಡಿಯಾರಗಳಲ್ಲಿ ಒಂದು ವೋಲ್ಟನ್ನೂ ಇನ್ನೊಂದು ಆಂಪಿಯರನ್ನೂ ತೋರಿಸುತ್ತವೆ. ಬಹುಪಾಲು ರೈತರು ಮೂರು ಫೇಸ್ ಬಂತೋ ಇಲ್ಲವೋ ಎಂದು ನೋಡಲು ಮಾತ್ರ ಅವುಗಳತ್ತ ಕಣ್ಣು ಹಾಯಿಸುವುದುಂಟು. ಒಂದು ಗುಣಾಕಾರ, ಒಂದು ಭಾಗಾಕಾರ ಬಲ್ಲವರಿಗೆ ಆ ಎರಡು ಮುಳ್ಳುಗಳು ಇನ್ನೂ ಬಹಳ ಹೇಳುತ್ತವೆ.

ಬೆಂಗಳೂರಿನ ಉತ್ತರ ಭಾಗದ ಬೇಸಾಯಗಾರರಿಗೆ ಈ ಲೆಕ್ಕ ಬೇರೆಯವರಿಗಿಂತ ಹೆಚ್ಚು ಅವಶ್ಯಕ. ಯಲಹಂಕ, ಜಾಲ, ಹೆಸರಘಟ್ಟ ಹೋಬಳಿಗಳಲ್ಲಿ ನಾಲೆಯ ನೀರಾವರಿ ಇಲ್ಲ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ಇತ್ತ ಹರಿಯುವ ನದಿಯಾದರೂ ಬೆಳೆಗೆ ಆಸರೆಯಾಗಿ ಉಳಿದಿಲ್ಲ. ಹಿಂದೆ ತೆರೆದ ಬಾವಿಗಳಲ್ಲಿ ಕಪಿಲೆ ಹೂಡಿ, ಏತ ತುಳಿದು ನೀರೆತ್ತುತ್ತಿದ್ದ ಸೀಮೆ ಇದು. ಹೆಬ್ಬಾಳದ ಸುತ್ತಮುತ್ತ, ಈಗ ಆರ್.ಟಿ. ನಗರ ಎನ್ನುವ ಕಡೆಯಲ್ಲಿ, ಹೊಲ ತೋಟಗಳಿದ್ದ ಜಾಗ ಬಡಾವಣೆಯಾಗಿದೆ. ಉಳಿದ ದ್ರಾಕ್ಷಿ, ಗುಲಾಬಿ, ತರಕಾರಿ ತೋಟಗಳೆಲ್ಲ ಕೊಳವೆ ಬಾವಿಯನ್ನು ನಂಬಿವೆ. ಸಾವಿರ ಅಡಿ ದಾಟಿದ ಬಾವಿಗಳು ಈಗ ಹೊಸತಲ್ಲ. ಅಷ್ಟು ಆಳದಲ್ಲಿ ಮೋಟಾರು ಸುಟ್ಟರೆ ಎತ್ತುವ ಯಂತ್ರ ತರಿಸಬೇಕು, ಪೈಪು ಕಳಚಬೇಕು, ರಿವೈಂಡಿಂಗಿಗೆ ಕೊಟ್ಟು ಕಾಯಬೇಕು, ಮತ್ತೆ ಇಳಿಸಬೇಕು. ಕಾಯಿ ಕಟ್ಟುವ ಹೊತ್ತಿನಲ್ಲಿ ದ್ರಾಕ್ಷಿಗೆ ಒಂದು ವಾರ ನೀರು ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ವೋಲ್ಟು, ಆಂಪಿಯರು, ಓಮು, ವಾಟು

ವೋಲ್ಟೇಜು ಎಂದರೆ ತಂತಿಯಲ್ಲಿ ವಿದ್ಯುತ್ತನ್ನು ತಳ್ಳುವ ಒತ್ತಡ. ಎತ್ತರದ ತೊಟ್ಟಿಯಿಂದ ಪೈಪಿನಲ್ಲಿ ಇಳಿಯುವ ನೀರಿಗೆ ತೊಟ್ಟಿಯ ಎತ್ತರ ಹೇಗೋ ಹಾಗೆ. ಆಂಪಿಯರು ಹರಿವಿನ ಪ್ರಮಾಣ. ಪೈಪು ಸಣ್ಣದಾದರೆ, ಉದ್ದವಾದರೆ, ಒಳಗೆ ಪಾಚಿ ಕಟ್ಟಿದರೆ ನೀರಿಗೆ ತಡೆಯಾಗುವಂತೆ ತಂತಿಯಲ್ಲಿ ವಿದ್ಯುತ್ತಿಗೂ ತಡೆಯುಂಟು. ಅದಕ್ಕೆ ವಿದ್ಯುತ್ ರೋಧ ಎಂದು ಹೆಸರು, ಅಳತೆ ಓಮ್. ಜರ್ಮನಿಯ ಶಾಲಾ ಉಪಾಧ್ಯಾಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇಷ್ಟೇ: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಿಗುವುದು ಶಕ್ತಿ. ಅದರ ಅಳತೆ ವಾಟ್. ಸಾವಿರ ವಾಟ್ ಒಂದು ಗಂಟೆ ಖರ್ಚಾದರೆ ಒಂದು ಯೂನಿಟ್.

ಮನೆಯ ಬಚ್ಚಲಲ್ಲಿ ನೀರು ಕಾಯಿಸುವ 1000 ವಾಟಿನ ರಾಡನ್ನು ತೆಗೆದುಕೊಳ್ಳಿ. 230 ವೋಲ್ಟಿನಲ್ಲಿ ಅದು ಸುಮಾರು 4.35 ಆಂಪಿಯರು ಎಳೆಯುತ್ತದೆ. 230ನ್ನು 4.35ರಿಂದ ಭಾಗಿಸಿದರೆ 53 ಓಮ್. ಇದು ರಾಡಿನ ರೋಧ. ವೋಲ್ಟೇಜು ಬದಲಾದರೂ ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವೋಲ್ಟೇಜು 180ಕ್ಕೆ ಇಳಿಯಿತು ಎನ್ನೋಣ. 180ನ್ನು 53ರಿಂದ ಭಾಗಿಸಿದರೆ 3.4 ಆಂಪಿಯರು. 180ನ್ನು 3.4ರಿಂದ ಗುಣಿಸಿದರೆ 612 ವಾಟ್. ವೋಲ್ಟೇಜು ಇಳಿದದ್ದು ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಶಕ್ತಿ ಇಳಿದದ್ದು ಸುಮಾರು ಐದರಲ್ಲಿ ಎರಡು ಭಾಗ. ನೀರು ತಡವಾಗಿ ಕಾಯುತ್ತದೆ, ರಾಡಿಗೆ ಕೆಡುಕೇನೂ ಇಲ್ಲ.

ಮೋಟಾರಿನ ಸ್ವಭಾವ ಬೇರೆ

ಮೋಟಾರು ರಾಡಿನಂತೆ ಸುಮ್ಮನಿರುವ ವಸ್ತುವಲ್ಲ. ಅದರ ತಲೆಯ ಮೇಲೆ ನೂರಾರು ಅಡಿ ನೀರಿನ ಭಾರವಿದೆ. ವೋಲ್ಟೇಜು ಇಳಿದರೂ ಆ ಭಾರ ಇಳಿಯುವುದಿಲ್ಲ. ಅದೇ ಕೆಲಸ ಮಾಡಲು ಮೋಟಾರು ಹೆಚ್ಚು ಆಂಪಿಯರು ಎಳೆಯುತ್ತದೆ. ಮೇವು ಕಡಿಮೆ ಹಾಕಿದರೂ ಗಾಡಿ ಅಷ್ಟೇ ಹೊರಿಸಿದ ಎತ್ತು ಮೈಯಿಂದ ಸೋರಿ ಎಳೆಯುವ ಹಾಗೆ. ತಂತಿಯಲ್ಲಿ ಹುಟ್ಟುವ ಶಾಖವಾದರೋ ಆಂಪಿಯರನ್ನು ಅದೇ ಆಂಪಿಯರಿನಿಂದ ಗುಣಿಸಿ, ಬಂದದ್ದನ್ನು ರೋಧದಿಂದ ಗುಣಿಸಿದಷ್ಟು. ಆಂಪಿಯರು ಕಾಲು ಭಾಗ ಏರಿದರೆ ಶಾಖ ಒಂದೂವರೆ ಪಟ್ಟಾಗುತ್ತದೆ.

ಮೂರು ಫೇಸಿನ ಮೋಟಾರಿನ ಶಕ್ತಿಯನ್ನು ಲೆಕ್ಕ ಹಾಕುವಾಗ ವೋಲ್ಟ್, ಆಂಪಿಯರುಗಳ ಗುಣಲಬ್ಧವನ್ನು ಇನ್ನೆರಡು ಅಂಕಿಗಳಿಂದ ಗುಣಿಸಬೇಕು. ಒಂದು 1.732, ಮೂರು ಫೇಸುಗಳು ಒಂದರ ಹಿಂದೊಂದು ಬರುವುದರಿಂದ ಇದು ಬೇಕು. ಇನ್ನೊಂದು ಪವರ್ ಫ್ಯಾಕ್ಟರು. ಪಂಪಿನ ಮೋಟಾರಿಗೆ 0.85 ಎಂದು ಹಿಡಿದರೆ ಅಂದಾಜಿಗೆ ಸಾಕು. ಸ್ಟಾರ್ಟರಿನಲ್ಲಿ 400 ವೋಲ್ಟ್, 12 ಆಂಪಿಯರು ತೋರಿಸುವ ಏಳೂವರೆ ಅಶ್ವಶಕ್ತಿಯ ಪಂಪು ಎಳೆಯುವ ವಿದ್ಯುತ್ತು: 1.732 × 400 × 12 × 0.85, ಸುಮಾರು 7,070 ವಾಟ್. ಆರು ಗಂಟೆ ಓಡಿದರೆ 42 ಯೂನಿಟ್.

ಏಳೂವರೆಯನ್ನು 746ರಿಂದ ಗುಣಿಸಿದರೆ 5,595 ವಾಟ್ ತಾನೇ ಬರುತ್ತದೆ ಎಂದು ತರಬೇತಿಗಳಲ್ಲಿ ಯಾರಾದರೊಬ್ಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೋಟಾರಿನ ಫಲಕದ ಅಶ್ವಶಕ್ತಿ ಎಂದರೆ ಅದರ ಶಾಫ್ಟು ಪಂಪಿಗೆ ಕೊಡಬಲ್ಲ ಶಕ್ತಿ. ಲೈನಿನಿಂದ ಎಳೆಯುವುದು ಅದಕ್ಕಿಂತ ಹೆಚ್ಚೇ. ನಡುವಿನದು ಶಾಖವಾಗಿ ಹೋಗುತ್ತದೆ. ಎಲ್ಲಿ ಹೋಗುತ್ತದೆ ಎಂಬುದನ್ನು ಹುಡುಕುವುದೇ ಮುಂದಿನ ಲೆಕ್ಕ.

ಮುಂದೆ ಹೋಗುವ ಮುನ್ನ ಒಂದು ಮಾತು. ಸಬ್‌ಮರ್ಸಿಬಲ್ ಮೋಟಾರಿನ ಫಲಕ ಮೋಟಾರಿನ ಜೊತೆಗೇ ಬಾವಿಗೆ ಇಳಿದುಬಿಡುತ್ತದೆ! ಆಮೇಲೆ ಎಷ್ಟು ಆಂಪಿಯರಿನ ಮೋಟಾರು ಎಂದು ಕೇಳಿದರೆ ಹೇಳುವವರಿಲ್ಲ. ಇಳಿಸುವ ಮೊದಲೇ ಫಲಕದ ವೋಲ್ಟ್, ಆಂಪಿಯರು, ಅಶ್ವಶಕ್ತಿಗಳನ್ನು ಪಂಪಿನ ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ. ಅದರ ಪಕ್ಕದಲ್ಲಿ ಕೇಬಲ್ಲಿನ ಗಾತ್ರ, ಎಷ್ಟು ಅಡಿಗೆ ಇಳಿಸಿದಿರಿ ಎಂಬುದೂ ಇರಲಿ.

ಕೇಬಲ್ಲಿನಲ್ಲಿ ಕಳೆದುಹೋಗುವ ವೋಲ್ಟು

ಯಲಹಂಕದ ಕಡೆಯ ಒಂದು ಬಾವಿಯಲ್ಲಿ ಪಂಪನ್ನು 900 ಅಡಿಗೆ ಇಳಿಸಿದೆ ಎಂದುಕೊಳ್ಳೋಣ. ಸ್ಟಾರ್ಟರಿನ ತನಕ ಸೇರಿಸಿದರೆ ಕೇಬಲ್ಲು ಸುಮಾರು 300 ಮೀಟರು. ಮೊದಲು 500 ಅಡಿಯಲ್ಲಿದ್ದಾಗ ಹಾಕಿದ 2.5 ಸ್ಕ್ವೇರ್ ಎಂ.ಎಂ. ತಾಮ್ರದ ಕೇಬಲ್ಲಿಗೇ ತುಂಡು ಸೇರಿಸಿ ಉದ್ದ ಮಾಡಿದೆ. ನೀರು ಕೆಳಗೆ ಹೋದಂತೆ ಪೈಪು ಸೇರಿಸುವವರು ಕೇಬಲ್ಲಿನ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಸಾಮಾನ್ಯ.

ತಾಮ್ರದ ತಂತಿಯ ರೋಧ ತಿಳಿಯಲು ಸುಲಭ ಸೂತ್ರವಿದೆ. 18ನ್ನು ತಂತಿಯ ಗಾತ್ರದಿಂದ ಭಾಗಿಸಿದರೆ ಒಂದು ಕಿಲೋಮೀಟರಿಗೆ ಎಷ್ಟು ಓಮ್ ಎಂಬುದು ಸಿಗುತ್ತದೆ. ಅಲ್ಯೂಮಿನಿಯಂ ಆದರೆ 18ರ ಬದಲು 29 ಎಂದು ಹಿಡಿಯಿರಿ. ನಮ್ಮ ಬಾವಿಯಲ್ಲಿ 18 ಭಾಗಿಸು 2.5, ಅಂದರೆ 7.2 ಓಮ್. 300 ಮೀಟರಿಗೆ 2.16 ಓಮ್. ನೋಡಲು ಅಲ್ಪ. ಆದರೆ ಇದರಲ್ಲಿ 12 ಆಂಪಿಯರು ಹರಿದಾಗ ಒಂದೊಂದು ತಂತಿಯಲ್ಲಿ 26 ವೋಲ್ಟ್ ಕಳೆದುಹೋಗುತ್ತದೆ. ಮೂರು ಫೇಸಿನ ಲೆಕ್ಕಕ್ಕೆ 1.732ರಿಂದ ಗುಣಿಸಿದರೆ 45. ಪವರ್ ಫ್ಯಾಕ್ಟರಿನ ಕಾರಣ ನಿಜವಾದ ಇಳಿತ ಸ್ವಲ್ಪ ಕಡಿಮೆ, 40ರ ಆಸುಪಾಸು.

ಎಂದರೆ ಸ್ಟಾರ್ಟರಿನ ಮುಳ್ಳು 400 ತೋರಿಸುತ್ತಿರುವಾಗ ತಳದ ಮೋಟಾರಿಗೆ ಮುಟ್ಟುವುದು 360. ಮುಳ್ಳು ಸುಳ್ಳು ಹೇಳುತ್ತಿಲ್ಲ; ಅದು ಮೇಲಿನ ಸಮಾಚಾರವನ್ನು ಹೇಳುತ್ತಿದೆ. ಸುತ್ತಲಿನವರೆಲ್ಲ ಪಂಪು ಹಾಕಿದ ಹೊತ್ತಿನಲ್ಲಿ ಮೇಲೆಯೇ 360 ಆಯಿತು, ಮೋಟಾರು 13.5 ಆಂಪಿಯರು ಎಳೆಯಿತು ಎನ್ನಿ. ಕೇಬಲ್ಲಿನ ಇಳಿತವೂ ಬೆಳೆದು 43 ವೋಲ್ಟಾಗುತ್ತದೆ. ಕೆಳಗೆ ಉಳಿಯುವುದು 320ಕ್ಕೂ ಕಡಿಮೆ. 415 ವೋಲ್ಟಿಗೆಂದು ಮಾಡಿದ ಮೋಟಾರು ಅದರಲ್ಲಿ ದಿನವೂ ದುಡಿದರೆ ಕಾಯಿಲು ಎಷ್ಟು ದಿನ ತಡೆದೀತು? ಇಂಥ ಮೋಟಾರು ಸುಟ್ಟಾಗ ಕಂಪನಿಯನ್ನೋ ರಿವೈಂಡಿಂಗ್ ಮಾಡಿದವನನ್ನೋ ಬಯ್ಯುವುದು ವಾಡಿಕೆ. ತಪ್ಪು ಕೇಬಲ್ಲಿನದು.

ಕೇಬಲ್ಲಿನಲ್ಲಿ ಪೋಲಾಗುವ ಶಕ್ತಿಯನ್ನೂ ನೋಡಿ. 12 × 12 × 2.16, ಒಂದು ತಂತಿಗೆ 311 ವಾಟ್. ಮೂರು ತಂತಿಗೆ 933 ವಾಟ್. ಬಚ್ಚಲಿನ ರಾಡನ್ನು ಕೊಳವೆ ಬಾವಿಯೊಳಗೆ ಇಳಿಬಿಟ್ಟು ಪಂಪು ಓಡಿದಷ್ಟು ಹೊತ್ತೂ ಉರಿಸಿದಂತೆ. ಇದೇ ಜಾಗದಲ್ಲಿ 6 ಸ್ಕ್ವೇರ್ ಎಂ.ಎಂ. ಕೇಬಲ್ಲಿದ್ದರೆ ರೋಧ 0.9 ಓಮ್, ಪೋಲು 389 ವಾಟ್, ವೋಲ್ಟಿನ ಇಳಿತ 16ರಷ್ಟು. ಆರು ಗಂಟೆ ಓಡುವ ಪಂಪಿಗೆ ದಿನಕ್ಕೆ ಮೂರೂಕಾಲು ಯೂನಿಟ್ ಉಳಿತಾಯ.

ದೂರಕ್ಕೆ ವಿದ್ಯುತ್ತು ಒಯ್ಯುವವರು ಈ ಲೆಕ್ಕವನ್ನು ಮೊದಲಿನಿಂದಲೂ ಬಲ್ಲರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ವಿದ್ಯುತ್ತು ಹರಿದದ್ದು ಹತ್ತಾರು ಸಾವಿರ ವೋಲ್ಟಿನಲ್ಲಿ. ವೋಲ್ಟು ಹತ್ತು ಪಟ್ಟಾದರೆ ಅದೇ ಶಕ್ತಿಗೆ ಆಂಪಿಯರು ಹತ್ತರಲ್ಲೊಂದು ಸಾಕು, ಪೋಲು ನೂರರಲ್ಲೊಂದು ಭಾಗ. ನಿಮ್ಮೂರಿನ ಟಿ.ಸಿ.ಯ ತನಕ 11,000 ವೋಲ್ಟಿನ ತಂತಿ ಬರುವುದು ಇದೇ ಕಾರಣಕ್ಕೆ. ಟಿ.ಸಿ.ಯಿಂದ ಈಚೆಗೆ ತಂತಿ ಉದ್ದವಾದಷ್ಟೂ ನಷ್ಟ ನಿಮ್ಮದು. ಬೇಕೆಂದೇ ಹುಟ್ಟಿಸಿದ ಶಾಖದ ಬಲ ಎಷ್ಟೆಂದು ನೋಡಬೇಕಾದರೆ ಯಲಹಂಕದ ರೈಲು ಚಕ್ರ ಕಾರ್ಖಾನೆಯನ್ನು ನೆನೆಯಬಹುದು. ಅಲ್ಲಿ ಗುಜರಿ ಉಕ್ಕನ್ನು ಕರಗಿಸುವುದು ವಿದ್ಯುತ್ ಕುಲುಮೆ.

ಜಾಯಿಂಟು ಎಂಬ ಸಣ್ಣ ಕುಲುಮೆ

ಸರಿಯಾಗಿ ಬಿಗಿಯದ, ಕಿಲುಬು ಹಿಡಿದ ಒಂದು ಜಾಯಿಂಟಿನ ರೋಧ ಅರ್ಧ ಓಮ್ ಇದೆ ಎನ್ನೋಣ. 12 × 12 × 0.5, ಅಂದರೆ 72 ವಾಟ್. ಹೆಬ್ಬೆರಳ ಗಾತ್ರದ ಜಾಗದಲ್ಲಿ ಇಷ್ಟು ಶಾಖ ಹುಟ್ಟಿದರೆ ಸುತ್ತಿದ ಟೇಪು ಕರಗಿ ತಂತಿ ಕಪ್ಪಾಗುತ್ತದೆ. ಕಪ್ಪಾದಂತೆ ರೋಧ ಇನ್ನೂ ಏರುತ್ತದೆ. ಫ್ಯೂಸಿನ ಹಿಡಿ, ಸ್ಟಾರ್ಟರಿನ ಕಾಂಟ್ಯಾಕ್ಟು, ಮೇನ್ ಸ್ವಿಚ್ಚಿನ ತಿರುಪು ಈ ಮೂರೂ ಇಂಥ ಜಾಗಗಳೇ. ಪಂಪು ಅರ್ಧ ಗಂಟೆ ಓಡಿದ ಮೇಲೆ ಲೈನ್‌ಮನ್ ಅಥವಾ ಬಲ್ಲ ಎಲೆಕ್ಟ್ರಿಷಿಯನ್ನರಿಂದ ಫ್ಯೂಸಿನ ಎರಡು ತುದಿಗಳ ನಡುವೆ ಮಲ್ಟಿಮೀಟರು ಹಿಡಿಸಿ ನೋಡಿ. ಅರ್ಧ ವೋಲ್ಟಿಗೂ ಕಡಿಮೆ ಇದ್ದರೆ ಚಿಂತೆಯಿಲ್ಲ. 6 ವೋಲ್ಟ್ ತೋರಿಸಿತೋ, 6ನ್ನು 12ರಿಂದ ಭಾಗಿಸಿ. ಅದೇ ಅರ್ಧ ಓಮ್. ಈ ಪರೀಕ್ಷೆ ಕರೆಂಟು ಇರುವಾಗ ಮಾಡುವಂಥದ್ದು. ಆದುದರಿಂದ ಗೊತ್ತಿಲ್ಲದವರು ಕೈ ಹಾಕಬಾರದು.

ಟ್ರ್ಯಾಕ್ಟರ್ ಬ್ಯಾಟರಿಯಿಂದ ಒಂದು ಪರೀಕ್ಷೆ

ಮೋಟಾರು ಓಡುವಾಗಿನ 400 ವೋಲ್ಟನ್ನು 12 ಆಂಪಿಯರಿನಿಂದ ಭಾಗಿಸಿ ‘ಕಾಯಿಲಿನ ರೋಧ 33 ಓಮ್’ ಎಂದು ತೀರ್ಮಾನಿಸಬೇಡಿ. ತಿರುಗುವ ಮೋಟಾರು ತನ್ನೊಳಗೆ ಎದುರು ವೋಲ್ಟೇಜನ್ನು ತಾನೇ ಹುಟ್ಟಿಸಿ ಕರೆಂಟನ್ನು ಹಿಡಿದಿಡುತ್ತದೆ. ಚಾಲೂ ಮಾಡಿದ ಗಳಿಗೆಯಲ್ಲಿ ಆಂಪಿಯರಿನ ಮುಳ್ಳು ಹಲವು ಪಟ್ಟು ಮೇಲಕ್ಕೆ ನೆಗೆಯುವುದು ಮೋಟಾರು ಆಗ ಇನ್ನೂ ತಿರುಗಿರುವುದಿಲ್ಲವಾದ್ದರಿಂದ. ಕಾಯಿಲಿನ ನಿಜವಾದ ರೋಧ ಕೆಲವೇ ಓಮ್. ಅದನ್ನು ನಿಂತ ಮೋಟಾರಿನಲ್ಲಿ, ಬ್ಯಾಟರಿಯಿಂದ ಅಳೆಯಬೇಕು.

ಮೊದಲು ಮೇನ್ ಸ್ವಿಚ್ಚು ಆರಿಸಿ, ಮೂರೂ ಫ್ಯೂಸ್ ಹಿಡಿಗಳನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಇನ್ನೊಬ್ಬರ ಕೈಗೆ ಕೊಡಬೇಡಿ. ಬಾವಿಗೆ ಇಳಿಯುವ ಕೇಬಲ್ಲಿನ ಕೆಂಪು, ಹಳದಿ, ನೀಲಿ ತುದಿಗಳನ್ನು ಸ್ಟಾರ್ಟರಿನಿಂದ ಬಿಡಿಸಿ. ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯ ಒಂದು ತುದಿಯಿಂದ ಹೆಡ್‌ಲೈಟ್ ಬಲ್ಬಿನ ಮೂಲಕ ಕೆಂಪು ತಂತಿಗೆ, ಹಳದಿ ತಂತಿಯಿಂದ ಆಂಪಿಯರ್ ಮೀಟರಿನ ಮೂಲಕ ಬ್ಯಾಟರಿಯ ಇನ್ನೊಂದು ತುದಿಗೆ ಜೋಡಿಸಿ. ಇಲ್ಲಿ ಬೇಕಾದದ್ದು ಡಿ.ಸಿ. ಅಳೆಯುವ ಮೀಟರು, ಸ್ಟಾರ್ಟರಿನ ಮೀಟರು ಸಲ್ಲದು. ಕೆಂಪು ಹಳದಿಗಳ ನಡುವೆ ವೋಲ್ಟ್ ನೋಡಿ. 10.5 ವೋಲ್ಟ್, 1.5 ಆಂಪಿಯರು ಬಂದರೆ ರೋಧ 7 ಓಮ್. ನಮ್ಮ ಬಾವಿಯಲ್ಲಿ ಇದರಲ್ಲಿ ಹೋಗುವ ಬರುವ ಎರಡು ತಂತಿಗಳ ಪಾಲೇ 4.3 ಓಮ್, ಕಾಯಿಲಿನದು 2.7. ಹೀಗೆಯೇ ಹಳದಿ ನೀಲಿ, ನೀಲಿ ಕೆಂಪು ಜೋಡಿಗಳನ್ನೂ ಅಳೆಯಿರಿ. ಬ್ಯಾಟರಿ ಬಿಡಿಸುವಾಗ ಕಾಯಿಲು ಒಮ್ಮೆ ಒದೆಯುತ್ತದೆ, ಕಿಡಿಯೂ ಹಾರಬಹುದು. ಆದ್ದರಿಂದ ವೋಲ್ಟ್ ಮೀಟರನ್ನು ಮೊದಲು ತೆಗೆಯಿರಿ, ಬರಿಯ ತಂತಿ ಮುಟ್ಟಬೇಡಿ, ಕೊನೆಯ ಜೋಡಣೆಯನ್ನು ಬ್ಯಾಟರಿಯ ಪಕ್ಕದಲ್ಲಿ ಬಿಡಿಸಬೇಡಿ.

ಮೂರು ಅಂಕಿಗಳೂ ಸರಿಸಮವಾಗಿದ್ದರೆ ಕಾಯಿಲು ಕೇಬಲ್ಲುಗಳು ನೆಟ್ಟಗಿವೆ. ಒಂದು ಜೋಡಿಯಲ್ಲಿ ಮಾತ್ರ ಎದ್ದು ಕಾಣುವಷ್ಟು ಕಡಿಮೆಯಾದರೆ ಕಾಯಿಲಿನ ಸುತ್ತುಗಳು ಒಂದಕ್ಕೊಂದು ತಗುಲಿರುವ ಸೂಚನೆ. ಒಂದೇ ತಂತಿ ಸೇರಿದ ಎರಡು ಜೋಡಿಗಳಲ್ಲಿ ಹೆಚ್ಚಾದರೆ ಆ ತಂತಿಯ ಜಾಯಿಂಟನ್ನು ಸಂಶಯಿಸಿ. ಆಂಪಿಯರೇ ಹರಿಯದಿದ್ದರೆ ತಂತಿ ತುಂಡಾಗಿದೆ. ಕಾಯಿಲಿನಿಂದ ನೀರಿಗೆ, ಭೂಮಿಗೆ ಕರೆಂಟು ಸೋರುತ್ತಿದೆಯೇ ಎಂಬುದು ಮಾತ್ರ ಬ್ಯಾಟರಿಗೆ ತಿಳಿಯದು. ಅದಕ್ಕೆ ಮೆಗ್ಗರ್ ಬೇಕು. ಹೊಸ ಮೋಟಾರು ಇಳಿಸಿದ ದಿನವೇ ಈ ಮೂರು ಅಂಕಿಗಳನ್ನು ಗೋಡೆಗೆ ಏರಿಸಿದರೆ, ಮುಂದೆ ಮೋಟಾರು ನಿಂತಾಗ ಎತ್ತುವ ಯಂತ್ರ ತರಿಸುವ ಮೊದಲೇ ತೊಂದರೆ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

ತೆರೆದ ಬಾವಿಯ ಮಾನೋಬ್ಲಾಕ್ ಪಂಪಿನವರಿಗೆ ಇನ್ನೊಂದು ಅನುಕೂಲವಿದೆ. ತಾಮ್ರದ ರೋಧ ಹತ್ತು ಡಿಗ್ರಿ ಸೆಂಟಿಗ್ರೇಡ್ ಬಿಸಿಗೆ ನೂರಕ್ಕೆ ನಾಲ್ಕರಂತೆ ಏರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ 4 ಓಮ್ ಇದ್ದ ಕಾಯಿಲು ಪಂಪು ನಿಲ್ಲಿಸಿದ ಕೂಡಲೇ 4.8 ತೋರಿಸಿದರೆ ಒಳಗೆ 50 ಡಿಗ್ರಿ ಏರಿದೆ ಎಂದು ಲೆಕ್ಕ.

ಮುಳ್ಳು ಇಳಿದರೂ ಎಚ್ಚರ

ಆಂಪಿಯರು ಏರುವುದೊಂದೇ ಅಪಾಯವಲ್ಲ. ದಿನವೂ 12 ತೋರಿಸುವ ಮುಳ್ಳು ವೋಲ್ಟೇಜು ಬದಲಾಗದೆಯೇ 8ಕ್ಕೆ ಇಳಿದರೆ ಪಂಪಿಗೆ ನೀರು ಸಿಗುತ್ತಿಲ್ಲ. ಸಬ್‌ಮರ್ಸಿಬಲ್ ಮೋಟಾರಿಗೆ ಸುತ್ತ ಹರಿಯುವ ನೀರೇ ತಂಪು. ಒಣಗಿ ಓಡಿದರೆ ಕಡಿಮೆ ಆಂಪಿಯರಿನಲ್ಲೂ ಅದು ಸುಡುತ್ತದೆ. ಓವರ್‌ಲೋಡ್ ರಿಲೇ ಇದನ್ನು ತಡೆಯುವುದಿಲ್ಲ. ಇನ್ನು ಆ ರಿಲೇಯ ತಿರುಪನ್ನು ಫಲಕದ ಆಂಪಿಯರಿಗೆ ಸರಿಯಾಗಿ ಇಡಬೇಕು. ಪದೇ ಪದೇ ಬೀಳುತ್ತದೆ ಎಂದು ಕೊನೆಯ ತನಕ ತಿರುಗಿಸಿಟ್ಟಿರುವುದನ್ನು, ಫ್ಯೂಸಿಗೆ ಬೈಂಡಿಂಗ್ ತಂತಿ ಸುತ್ತಿರುವುದನ್ನು ನೋಡಿದಾಗ ನಾಯಿಯ ಬಾಯಿ ಕಟ್ಟಿ ಕಾವಲಿಗೆ ಬಿಟ್ಟ ಹಾಗೆ ಕಾಣುತ್ತದೆ. ಸ್ಟಾರ್ಟರಿನ ಮೀಟರು ಸಾಮಾನ್ಯವಾಗಿ ಒಂದೇ ಫೇಸನ್ನು ತೋರಿಸುತ್ತದೆ. ಆಗೊಮ್ಮೆ ಈಗೊಮ್ಮೆ ಟಾಂಗ್ ಟೆಸ್ಟರಿನಿಂದ ಮೂರನ್ನೂ ನೋಡಿಸಿ. ಒಂದು ಫೇಸು ಕಡಿದುಹೋದಾಗ ಉಳಿದ ಎರಡರಲ್ಲಿ ಆಂಪಿಯರು ಸುಮಾರು 1.7 ಪಟ್ಟಾಗುತ್ತದೆ.

ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪುಸೆಟ್ಟಿಗೆ ರೈತರು ಬಿಲ್ಲು ಕಟ್ಟಬೇಕಾಗಿಲ್ಲವಾದ್ದರಿಂದ ಯೂನಿಟ್ಟಿನ ಲೆಕ್ಕ ನಮಗೇಕೆ ಎನ್ನುವವರಿದ್ದಾರೆ. ಹಣದ ಬಿಲ್ಲು ಇಲ್ಲದಿರಬಹುದು; ಮೂರು ಫೇಸು ಸಿಗುವ ಗಂಟೆಗಳು ಎಣಿಸಿಟ್ಟವು. ಅದೇ ಗಂಟೆಯಲ್ಲಿ ಎಷ್ಟು ನೀರು ಮೇಲೆ ಬಂತು ಎಂಬುದು ಬೆಳೆಯ ಲೆಕ್ಕ. ಇದನ್ನೂ ಹಾಕಿ ನೋಡಬಹುದು. ಒಂದು ಸೆಕೆಂಡಿಗೆ ಒಂದು ಲೀಟರು ನೀರನ್ನು ಒಂದು ಮೀಟರು ಎತ್ತಲು 9.8 ವಾಟ್ ಬೇಕು. ನಮ್ಮ ಬಾವಿಯಲ್ಲಿ ಪಂಪು ಓಡುವಾಗ ನೀರು 700 ಅಡಿಯಲ್ಲಿ, ಅಂದರೆ 213 ಮೀಟರಿನಲ್ಲಿ ನಿಂತು, ಗಂಟೆಗೆ 5,000 ಲೀಟರು ಬರುತ್ತಿದೆ ಎನ್ನೋಣ. ಸೆಕೆಂಡಿಗೆ 1.39 ಲೀಟರು. ಮೂರನ್ನೂ ಗುಣಿಸಿದರೆ ಸುಮಾರು 2,900 ವಾಟ್. ಎಳೆದದ್ದು 7,070. ನೂರರಲ್ಲಿ 41 ಪಾಲು ನೀರಿಗೆ ಸಂದಿದೆ, 13 ಪಾಲು ಬರಿಯ ಕೇಬಲ್ಲಿನಲ್ಲೇ ಕರಗಿದೆ. ಉಳಿದದ್ದು ಮೋಟಾರಿನದು, ಪಂಪಿನದು, ಪೈಪಿನ ಉಜ್ಜಾಟದ್ದು. ಇನ್ನೂರು ಲೀಟರಿನ ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಗಡಿಯಾರ ನೋಡಿದರೆ ನಿಮ್ಮ ಬಾವಿಯ ಅಂಕಿ ಸಿಗುತ್ತದೆ. ಮೇಲಿನ ಬಾವಿಯಲ್ಲಾದರೆ 144 ಸೆಕೆಂಡು.

ಕಪಾಸಿಟರ್ ಹಾಕಿದರೆ ಇದೆಲ್ಲ ಸರಿಯಾಗುವುದೇ ಎಂಬ ಪ್ರಶ್ನೆಯೂ ಬರುತ್ತದೆ. ಸ್ಟಾರ್ಟರಿನ ಬಳಿ ಹಾಕಿದ ಕಪಾಸಿಟರು ಕಂಬದಿಂದ ಸ್ಟಾರ್ಟರಿನ ತನಕ ಬರುವ ಆಂಪಿಯರನ್ನು ತಗ್ಗಿಸುತ್ತದೆ. ಅದರಿಂದ ಲೈನಿನ ವೋಲ್ಟೇಜು ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಅಕ್ಕಪಕ್ಕದವರಿಗೂ ಉಪಕಾರ. ಬಾವಿಯೊಳಗಿನ ಕೇಬಲ್ಲಿಗೆ ಅದರಿಂದ ನೇರವಾದ ಲಾಭವಿಲ್ಲ.

ಕಡೆಯದಾಗಿ ಟಿ.ಸಿ.ಯ ವಿಷಯ. 63 ಕೆ.ವಿ.ಎ. ಟಿ.ಸಿ.ಯ ಫಲಕದ ಮೇಲೆ 433 ವೋಲ್ಟ್ ಎಂದು ಇರುತ್ತದೆ. 63,000ವನ್ನು 433ರಿಂದ, ಬಂದದ್ದನ್ನು 1.732ರಿಂದ ಭಾಗಿಸಿದರೆ ಒಂದು ಫೇಸಿಗೆ 84 ಆಂಪಿಯರು. 12 ಆಂಪಿಯರಿನ ಪಂಪುಗಳು ಏಳು. 25 ಕೆ.ವಿ.ಎ. ಆದರೆ 33 ಆಂಪಿಯರು. ಎರಡು ಪಂಪು ಆರಾಮಾಗಿ, ಮೂರನೆಯದು ಕಷ್ಟದಲ್ಲಿ. ನಿಮ್ಮ ಟಿ.ಸಿ.ಗೆ ಯಾರು ಯಾರ ಪಂಪು ಸೇರಿದೆ, ಒಂದೊಂದರ ಆಂಪಿಯರು ಎಷ್ಟು ಎಂದು ನಾಲ್ಕು ಜನ ಕುಳಿತು ಕೂಡಿಸಿ ನೋಡಿ. ಮೊತ್ತ ಮೀರಿದ್ದರೆ ಹೆಚ್ಚುವರಿ ಟಿ.ಸಿ. ಕೇಳಿ ಅರ್ಜಿ ಬರೆಯುವಾಗ ಆ ಮೊತ್ತವನ್ನೇ ಕಾಣಿಸಿ. ಅದು ಬರುವ ತನಕ ಸರದಿ ಹಾಕಿಕೊಂಡು, ಬೆಳಗಿನ ಪಾಳಿ ಯಾರದು, ನಂತರದ್ದು ಯಾರದು ಎಂದು ಗೊತ್ತುಮಾಡಿಕೊಳ್ಳಿ. ಸರದಿಯ ಮೊದಲ ದಿನ ಸ್ಟಾರ್ಟರಿನ ವೋಲ್ಟ್ ಮುಳ್ಳು ಎಲ್ಲಿ ನಿಂತಿತು, ಆಂಪಿಯರಿನದು ಎಲ್ಲಿಗೆ ಇಳಿಯಿತು ಎಂಬುದನ್ನೂ ಗೋಡೆಯ ಮೇಲೆ ಹಳೆಯ ಅಂಕಿಯ ಪಕ್ಕದಲ್ಲಿ ಬರೆದಿಡಿ.